ಮದುವಣಗಿತ್ತಿಯ ಉಡುಗೆ: ಚೀನದ ಕೆಂಪು, ಕೋಲಾರದ ಧಾರೆಸೀರೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯ ಅನುಭವವಿಲ್ಲದ ಗೃಹಸ್ಥರು ವಿರಳ. ಮದುವೆಯ ವೆಚ್ಚಗಳಲ್ಲಿ ಛತ್ರದ ಬಾಡಿಗೆಯನ್ನೂ ಊಟದ ಖರ್ಚನ್ನೂ ಮುಂದಾಗಿ ಲೆಕ್ಕ ಹಾಕಬಹುದು. ಜವಳಿಯ ಲೆಕ್ಕ ಮಾತ್ರ ಅಂಗಡಿಯ ಮೆಟ್ಟಿಲು ಹತ್ತಿದೊಡನೆ ಕೈಮೀರುವುದುಂಟು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕುಟುಂಬಗಳು ಜವಳಿಗೆಂದು ಒಂದು ಕಡೆ ಬೆಂಗಳೂರಿಗೆ, ಇನ್ನೊಂದು ಕಡೆ ಮುಳಬಾಗಿಲನ್ನು ದಾಟಿ ಕಂಚಿಗೆ ಪ್ರಯಾಣ ಮಾಡುವುದು ವಾಡಿಕೆ. ಈಚೆಗೆ ಮದುವಣಗಿತ್ತಿಯರು ಅಂಗಡಿಗೆ ಹೋಗುವ ಮೊದಲೇ ಕೈಯಲ್ಲಿರುವ ಫೋನಿನಲ್ಲಿ ದೇಶ ದೇಶಗಳ ವಧುಗಳ ಚಿತ್ರಗಳನ್ನು ನೋಡಿರುತ್ತಾರೆ. ಅವುಗಳ ಪೈಕಿ ಚೀನ ದೇಶದ ಕೆಂಪು ಉಡುಗೆಯು ಮನಸ್ಸನ್ನು ಸೆಳೆಯತಕ್ಕದ್ದೇ ಆಗಿದೆ. ಆ ದೇಶದವರು ವಧುವಿನ ಉಡುಗೆಯನ್ನು ಆರಿಸುವ ಬಗೆಯಿಂದ ನಮ್ಮ ಗೃಹಸ್ಥರು ಕಲಿಯಬಹುದಾದುದೇನು ಎಂಬುದನ್ನು ಇಲ್ಲಿ ವಿಚಾರಿಸೋಣ.

ಚೀನಕ್ಕೂ ನಮ್ಮ ಜವಳಿಗೂ ಇರುವ ನಂಟು ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಚೀನಪಟ್ಟವೆಂಬ ವಸ್ತ್ರದ ಹೆಸರಿದೆ. ಕಾಳಿದಾಸನ ಶಾಕುಂತಲದಲ್ಲಿ ಚೀನಾಂಶುಕದ ಮಾತು ಬರುತ್ತದೆ. ರೇಷ್ಮೆಯನ್ನು ಬೆಳೆಯುವುದರಲ್ಲಿ ಇಂದಿಗೂ ಚೀನವೇ ಜಗತ್ತಿನಲ್ಲಿ ಮೊದಲನೆಯದು. ಎರಡನೆಯ ಸ್ಥಾನ ಭಾರತದ್ದು. ಭಾರತದೊಳಗೆ ಅಗ್ರಸ್ಥಾನ ಕರ್ನಾಟಕದ್ದು. ಕೋಲಾರ ಜಿಲ್ಲೆಯಾದರೋ ಹಿಪ್ಪುನೇರಳೆಯ ಸೀಮೆ. ಗೂಡಿನ ವ್ಯಾಪಾರಕ್ಕೆ ಹೆಸರಾದ ಶಿಡ್ಲಘಟ್ಟವೂ 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾಗುವವರೆಗೆ ಈ ಜಿಲ್ಲೆಗೇ ಸೇರಿತ್ತು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ನಾಡಿನಲ್ಲಿ ಕೊಳವೆಬಾವಿಯ ನೀರನ್ನು ಉಣಿಸಿ, ಸೊಪ್ಪು ಕೊಯ್ದು, ಹಗಲಿರುಳು ಹುಳುವಿಗೆ ಮೇವು ಹಾಕಿ ಗೂಡನ್ನು ಬಿಡಿಸುವರು. ಆರರಿಂದ ಎಂಟು ಕಿಲೋ ಗೂಡು ಬಿಚ್ಚಿದರೆ ಒಂದು ಕಿಲೋ ನೂಲು ದೊರೆಯುತ್ತದೆ. ಕಂಚಿಯ ಮಗ್ಗಗಳಿಗೆ ಕರ್ನಾಟಕದ ರೇಷ್ಮೆ ಹೋಗುವುದು ಬಹುಕಾಲದ ರೂಢಿ. ಆದುದರಿಂದ ಇಲ್ಲಿಂದ ನೂಲಾಗಿ ಹೋದದ್ದೇ ಸೀರೆಯಾಗಿ ಇಲ್ಲಿಗೆ ಮರಳಿದರೆ ಆಶ್ಚರ್ಯವಿಲ್ಲ.

ಇನ್ನು ಚೀನದ ವಧುವಿನ ವಿಷಯ. ದಕ್ಷಿಣ ಚೀನದ ಕ್ವಾಂಗ್‌ಡಾಂಗ್ ಪ್ರಾಂತದಲ್ಲಿಯೂ ಹಾಂಗ್‌ಕಾಂಗಿನಲ್ಲಿಯೂ ವಧುವು ಧರಿಸುವ ಸಾಂಪ್ರದಾಯಿಕ ಉಡುಗೆಗೆ ಕ್ವಾ ಎಂದು ಹೆಸರು. ಇದು ಎರಡು ಭಾಗಗಳುಳ್ಳದ್ದು: ಮೇಲೊಂದು ನಿಲುವಂಗಿಯಂತಹ ರವಿಕೆ, ಕೆಳಗೊಂದು ಉದ್ದನೆಯ ಲಂಗ. ಕೆಂಪು ರೇಷ್ಮೆಯ ಮೇಲೆ ಚಿನ್ನ ಬೆಳ್ಳಿಯ ಎಳೆಗಳಿಂದ ನಾಗಸರ್ಪವನ್ನು ಹೋಲುವ ಡ್ರ್ಯಾಗನ್ನನ್ನೂ ಫೀನಿಕ್ಸ್ ಹಕ್ಕಿಯನ್ನೂ ಕಸೂತಿ ಮಾಡಿರುವರು. ಡ್ರ್ಯಾಗನ್ ವರನ ಸಂಕೇತ, ಹಕ್ಕಿ ವಧುವಿನ ಸಂಕೇತ. ಕಸೂತಿಯು ಬಟ್ಟೆಯನ್ನು ಎಷ್ಟು ದಟ್ಟವಾಗಿ ಮುಚ್ಚಿದೆಯೆಂಬುದರ ಮೇಲೆ ಉಡುಗೆಯ ದರ್ಜೆ ನಿಶ್ಚಯವಾಗುವುದು. ಕೆಂಪು ಬಟ್ಟೆಯು ಕಣ್ಣಿಗೇ ಬೀಳದಂತೆ ಹೊಲಿಗೆ ತುಂಬಿದುದು ಅತ್ಯುತ್ತಮವೆನಿಸುವುದು. ಇದನ್ನುಟ್ಟು ವಧುವರರು ಎರಡೂ ಮನೆಗಳ ಹಿರಿಯರಿಗೆ ಚಹಾ ಬಟ್ಟಲನ್ನು ಎರಡು ಕೈಗಳಿಂದ ಅರ್ಪಿಸುವರು. ಹಿರಿಯರು ಕೆಂಪು ಲಕೋಟೆಯಲ್ಲಿ ಹಣವನ್ನಿಟ್ಟು, ಆಭರಣವನ್ನು ತೊಡಿಸಿ ಹರಸುವರು. ನಮ್ಮ ಮುಯ್ಯಿಯನ್ನು ಬಲ್ಲವರಿಗೆ ಇದರ ಭಾವವನ್ನು ವಿವರಿಸಬೇಕಾಗಿಲ್ಲ.

ಬಣ್ಣದ ವಿಷಯದಲ್ಲಿ ಮಾತ್ರ ಎರಡು ನಾಡುಗಳ ದಾರಿ ಬೇರೆಯಾಗಿದೆ. ಚೀನದಲ್ಲಿ ಕೆಂಪು ಮಂಗಳದ ಬಣ್ಣ, ಬಿಳುಪು ಶೋಕದ ಬಣ್ಣ. ಪಾಶ್ಚಾತ್ಯರನ್ನು ಅನುಸರಿಸಿ ಬಿಳಿಯ ಗೌನನ್ನು ಧರಿಸುವ ಇಂದಿನ ವಧುಗಳು ಕೂಡ ಹಿರಿಯರೆದುರು ಚಹಾ ಅರ್ಪಿಸುವಾಗ ಕೆಂಪನ್ನೇ ಉಡುವುದು ಸಾಮಾನ್ಯ. ನಮ್ಮ ಹಳೆಯ ಮೈಸೂರಿನ ಅನೇಕ ಮನೆಗಳಲ್ಲಿಯಾದರೋ ಧಾರೆಯ ಹೊತ್ತಿಗೆ ಕೆಂಪಂಚಿನ ಬೆಳ್ಳನೆಯ ಸೀರೆಯೇ ಶ್ರೇಷ್ಠ. ಶ್ರೀನಿವಾಸಪುರ, ಮುಳಬಾಗಿಲುಗಳ ತೆಲುಗು ಮನೆಮಾತಿನವರಲ್ಲಿ ಮಧುಪರ್ಕವೆಂಬ ಕೆಂಪಂಚಿನ ಬಿಳಿಯ ನೂಲುಸೀರೆಯುಂಟು; ತಮಿಳು ಮನೆಮಾತಿನವರಲ್ಲಿ ಕೂರೈ ಎಂಬ ಕೆಂಪು ಸೀರೆಯುಂಟು. ಒಂದೇ ಜಿಲ್ಲೆಯೊಳಗೆ ಇಷ್ಟು ಭೇದವಿರುವಾಗ ಅಂಗಡಿಯವರು ವಧುವಿನ ಬಣ್ಣವೆಂದು ಹೇಳಿದುದನ್ನೆಲ್ಲ ಒಪ್ಪತಕ್ಕದ್ದಲ್ಲ. ನಮ್ಮ ಮನೆಯ ಅಜ್ಜಿಯು ಯಾವುದನ್ನುಟ್ಟು ಧಾರೆಗೆ ನಿಂತಿದ್ದಳು ಎಂಬುದನ್ನು ಮೊದಲು ಕೇಳಿ ತಿಳಿಯುವುದು ಮೇಲು. ಆ ಮಧುಪರ್ಕವು ಬರಿಯ ಹತ್ತಿಯದೆಂಬುದನ್ನೂ ನೆನೆಯಬೇಕು: ಮಂಗಳಕ್ಕೆ ರೇಷ್ಮೆಯೇ ಆಗಬೇಕೆಂಬ ನಿಯಮವಿಲ್ಲ.

ಚೀನದವರಿಂದ ನಾವು ಮುಖ್ಯವಾಗಿ ಕಲಿಯತಕ್ಕುದು ಬೇರೊಂದಿದೆ. ಅಷ್ಟು ಬೆಲೆಬಾಳುವ ಕ್ವಾವನ್ನು ಹಾಂಗ್‌ಕಾಂಗಿನ ಬಹುಮಂದಿ ವಧುಗಳು ಕೊಳ್ಳುವುದೇ ಇಲ್ಲ. ಒಂದು ದಿನಕ್ಕೆ ಬಾಡಿಗೆಗೆ ತರುವರು. ಉಳ್ಳವರ ಮನೆಯಲ್ಲಿಯೂ ಇದು ನಾಚಿಕೆಯ ಸಂಗತಿಯಲ್ಲ. ಉಡುಗೆಯ ಗೌರವವಿರುವುದು ಅದನ್ನುಟ್ಟು ಹಿರಿಯರೆದುರು ಬಾಗುವುದರಲ್ಲಿ. ಅದರ ಒಡೆತನದಲ್ಲಿ ಅಲ್ಲ. ನಮ್ಮಲ್ಲಿಯೂ ತಾಯಿಯ ಧಾರೆಸೀರೆಯನ್ನು ಮಗಳು ಉಟ್ಟ ಉದಾಹರಣೆಗಳಿವೆ. ಆದರೆ ಬೀಗರು ಏನೆಂದುಕೊಂಡಾರೋ ಎಂಬ ಅಳುಕಿನಿಂದ ಹಳೆಯ ಸೀರೆಯನ್ನು ಪೆಟ್ಟಿಗೆಯಲ್ಲಿಯೇ ಬಿಟ್ಟು, ಸಾಲ ಮಾಡಿ ಹೊಸದನ್ನು ತರುವವರೇ ಹೆಚ್ಚು. ಗೂಡು ಮಾರಿದ ಹಣ ಕೈಸೇರುವ ಮೊದಲೇ ಆ ಸಾಲದ ಬಡ್ಡಿ ಬೆಳೆಯತೊಡಗಿದರೆ, ರೇಷ್ಮೆ ಬೆಳೆದವನ ಮನೆಗೇ ರೇಷ್ಮೆಯು ಭಾರವಾಗುವುದು. ಮದುವೆಯಾದ ಹುಡುಗಿಗೆ ತವರಿನ ಸಾಲವು ಯಾವ ಸೀರೆಯ ಅಂದದಿಂದಲೂ ಮರೆಯಾಗತಕ್ಕದ್ದಲ್ಲ.

ಹೊಸ ಸೀರೆಯನ್ನು ಕೊಳ್ಳಲೇಬೇಕಾದಾಗ ಕೆಲವು ವಿಷಯಗಳನ್ನು ಗಮನಿಸತಕ್ಕದ್ದು. ಮೊದಲನೆಯದು, ಹಣದ ಮಿತಿಯನ್ನು ಮನೆಯಲ್ಲಿಯೇ ಗೊತ್ತುಮಾಡಿ, ಮದುವಣಗಿತ್ತಿಯೆದುರಿಗೇ ಹೇಳಬೇಕು. ಮಿತಿಯನ್ನು ತಿಳಿದ ಹುಡುಗಿ ಅದರೊಳಗೆ ಚೆನ್ನಾಗಿ ಆರಿಸಬಲ್ಲಳು. ತಿಳಿಯದ ಹುಡುಗಿ ಅಂಗಡಿಯಲ್ಲಿ ಆಸೆಪಟ್ಟು ಆಮೇಲೆ ನೊಂದುಕೊಳ್ಳುವಳು.

ಎರಡನೆಯದು, ರೇಷ್ಮೆಯ ನಿಜಸ್ಥಿತಿ. ಸೆರಗಿನ ತುದಿಯಿಂದ ಒಂದೆರಡು ಎಳೆಗಳನ್ನು ಕೇಳಿ ಪಡೆದು ಸುಟ್ಟು ನೋಡಬಹುದು. ಶುದ್ಧ ರೇಷ್ಮೆಯು ಕೂದಲು ಸುಟ್ಟ ವಾಸನೆಯನ್ನು ಕೊಟ್ಟು, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಕಪ್ಪು ಬೂದಿಯನ್ನು ಬಿಡುವುದು. ರೇಯಾನ್ ಎಂಬ ಕೃತಕ ರೇಷ್ಮೆಯು ಕಾಗದದಂತೆ ಉರಿಯುವುದು. ಪಾಲಿಯೆಸ್ಟರ್ ಕರಗಿ ಗಟ್ಟಿಯಾದ ಮಣಿಯಾಗುವುದು. ಸುಡಲು ಒಪ್ಪದ ಕಡೆ ರೇಷ್ಮೆ ಮಂಡಳಿಯವರು 2004ರಲ್ಲಿ ಆರಂಭಿಸಿದ ಸಿಲ್ಕ್ ಮಾರ್ಕ್ ಚೀಟಿಯಿದೆಯೇ ಎಂದು ನೋಡಬೇಕು. ಆ ಗುರುತು ರೇಷ್ಮೆಯ ಶುದ್ಧತೆಯನ್ನು ಮಾತ್ರ ಹೇಳುವುದು, ಜರಿಯನ್ನು ಕುರಿತಲ್ಲ ಎಂಬುದನ್ನು ಮರೆಯಕೂಡದು.

ಮೂರನೆಯದು ಜರಿ. ಅಸಲು ಜರಿಯೆಂದರೆ ರೇಷ್ಮೆಯ ಎಳೆಗೆ ಬೆಳ್ಳಿಯ ತಂತಿಯನ್ನು ಸುತ್ತಿ ಚಿನ್ನದ ಲೇಪ ಕೊಟ್ಟದ್ದು. ಇತರ ಜರಿಗಳಲ್ಲಿ ತಾಮ್ರವೋ ಪ್ಲಾಸ್ಟಿಕ್ಕೋ ಇರುವುದು. ಅಸಲಲ್ಲದ ಜರಿಯನ್ನು ಕೊಳ್ಳುವುದು ತಪ್ಪಲ್ಲ. ಅಸಲಿನ ಬೆಲೆಯನ್ನು ಅದಕ್ಕೆ ತೆರುವುದು ತಪ್ಪು. ಬಿಲ್ಲಿನಲ್ಲಿ ಜರಿಯ ಬಗೆಯನ್ನು ಬರೆಯಿಸಿಕೊಳ್ಳತಕ್ಕದ್ದು.

ನಾಲ್ಕನೆಯದು, ಮುಂದಿನ ಉಪಯೋಗ. ಭಾರವಾದ ಕಂಚಿಸೀರೆಯು ಧಾರೆಗೂ ಆರತಕ್ಷತೆಗೂ ಒಪ್ಪುವುದು. ಆಮೇಲೆ ಅದನ್ನುಡುವ ಸಂದರ್ಭಗಳು ಕಡಮೆ. ಮೈಸೂರು ರೇಷ್ಮೆಯ ಸೀರೆಯಾದರೋ ಹಗುರ, ನಯ, ನೆರಿಗೆಗೆ ಸುಲಭ, ಹಬ್ಬಹುಣ್ಣಿಮೆಗಳಿಗೆಲ್ಲ ಆಗುವಂಥದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ಸ್ಥಾಪಿತವಾದ ನೇಯ್ಗೆ ಕಾರ್ಖಾನೆಯು 1980ರಿಂದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಆಡಳಿತದಲ್ಲಿ ನಡೆದುಬಂದಿದೆ. ಧಾರೆಗೆ ತಾಯಿಯ ಸೀರೆ, ಆಮೇಲಿನ ಉಪಯೋಗಕ್ಕೆ ಇಂತಹುದೊಂದು ಎಂದು ಗೊತ್ತುಮಾಡಿದರೆ ಸಂಪ್ರದಾಯವೂ ಉಳಿಯುವುದು, ಹಣವೂ ಉಳಿಯುವುದು.

ತಾಯಿಯ ಸೀರೆ ಮಗಳಿಗೆ ದಕ್ಕಬೇಕಾದರೆ ಜೋಪಾನವೂ ಬೇಕು. ಒಗೆದ ಹತ್ತಿಯ ಬಟ್ಟೆಯಲ್ಲಿ ಸುತ್ತಿಡುವುದು, ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆಯನ್ನು ಬದಲಿಸುವುದು, ನೆರಳಿನಲ್ಲಿ ಗಾಳಿಗೆ ಹರವುವುದು, ನುಸಿಗುಳಿಗೆಯನ್ನು ಜರಿಗೆ ತಾಗಿಸದಿರುವುದು, ಇಷ್ಟು ಮಾಡಿದರೆ ಸಾಕು. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟ ಸೀರೆ ಆ ಗೆರೆಯಲ್ಲಿಯೇ ಸೀಳುವುದು.

ಹೊರನಾಡಿನ ಅಂದವನ್ನು ನೋಡಿ ಮೆಚ್ಚುವುದರಲ್ಲಿ ದೋಷವಿಲ್ಲ. ಚೀನದ ಕಸೂತಿಯ ಹಕ್ಕಿಯನ್ನು ಮೆಚ್ಚಿದ ಹುಡುಗಿ ಅದನ್ನು ತನ್ನ ರವಿಕೆಯ ತೋಳಿನ ಮೇಲೆ ಬಿಡಿಸಿಕೊಳ್ಳಲಿ. ಮೊಗ್ಗಿನ ಜಡೆಗೂ ಅದಕ್ಕೂ ಜಗಳವಿಲ್ಲ. ಆದರೆ ಅಲ್ಲಿಂದ ತರಬೇಕಾದ ನಿಜವಾದ ಉಡುಗೊರೆ ಬಟ್ಟೆಯಲ್ಲ, ಬುದ್ಧಿ: ಒಂದು ದಿನದ ವೈಭವಕ್ಕಾಗಿ ಹತ್ತು ವರ್ಷದ ನೆಮ್ಮದಿಯನ್ನು ಒತ್ತೆಯಿಡದಿರುವ ಬುದ್ಧಿ. ಹೆಣ್ಣಿನ ಮನೆಯವರು ಇದನ್ನು ಹೇಳಲು ಅಂಜುವರಾದುದರಿಂದ ಗಂಡಿನ ಮನೆಯ ಹಿರಿಯರೇ ಮೊದಲು ಹೇಳುವುದು ಶೋಭೆ. ನಿಶ್ಚಿತಾರ್ಥದ ದಿನ ತಾಂಬೂಲ ಬದಲಾಯಿಸುವಾಗ, "ನಿಮ್ಮ ಮನೆಯ ಹಳೆಯ ಸೀರೆಯೇ ನಮಗೆ ಸಂತೋಷ" ಎಂದು ವರನ ತಾಯಿ ಒಂದು ಮಾತು ಆಡಿದರೆ ಎಷ್ಟೋ ಮನೆಗಳ ಭಾರ ಇಳಿದೀತು.