ಢಮ್ ಅನ್ನೋದು ಮುಚ್ಚಳ: ಅಂಗಳದ ರಸಾಯನದ ಬಗ್ಗೆ ಒಂದಷ್ಟು ಮಾತು

ಶಂಶಾಬಾದಿನಿಂದ ಮಾತಾಡ್ತಾ ಇದ್ದೀನಿ. ಹಿನ್ನೆಲೆಯಲ್ಲಿ ಆಗಾಗ ದೊಡ್ಡ ಸದ್ದು ಕೇಳಿದ್ರೆ ಗಾಬರಿಯಾಗಬೇಡಿ, ಅದು ನಮ್ಮ ಪ್ರಯೋಗದ್ದಲ್ಲ, ವಿಮಾನದ್ದು. 2008ರಲ್ಲಿ ಬೇಗಂಪೇಟೆಯಿಂದ ವಿಮಾನ ನಿಲ್ದಾಣ ಇಲ್ಲಿಗೆ ಬಂದಮೇಲೆ ಈ ಊರಿನ ಆಕಾಶಕ್ಕೆ ಬಿಡುವೇ ಇಲ್ಲ.

ಈ ಸಲ ದೀಪಾವಳಿಗೆ ಊರಿಗೆ ಹೋಗೋಕೆ ನಮಗೆ ರಜೆ ಸಿಗಲಿಲ್ಲ. ಹಾಗಾಗಿ ಊರೇ ಇಲ್ಲಿಗೆ ಬಂತು. ಹಾವೇರಿ ಕಡೆಯಿಂದ ಚಿಕ್ಕಪ್ಪನ ಮಗ, ಅವನ ಹೆಂಡತಿ, ಮಕ್ಕಳು. ಜೊತೆಗೆ ಪಕ್ಕದ ಬೀದಿಯ ಎರಡು ಕನ್ನಡದ ಕುಟುಂಬ. ಹಬ್ಬ ಮುಗಿದ ಭಾನುವಾರ ಮನೆ ಹಿಂದಿನ ಅಂಗಳದಲ್ಲಿ ಮಕ್ಕಳಿಗೆ ಅಂತ ನಾಲ್ಕೈದು ಪ್ರಯೋಗ ಮಾಡಿದ್ವಿ. ಒಂದು ಡಬ್ಬಿಯ ಮುಚ್ಚಳ ಟಪ್ ಅಂತ ಹಾರಿ ಪೇರಲೆ ಗಿಡಕ್ಕೆ ಬಡಿದಾಗ ಎಂಟು ವರ್ಷದ ಹುಡುಗಿಯೊಬ್ಬಳು ಕೇಳಿದಳು: "ಅಂಕಲ್, ಸೌಂಡ್ ಯಾಕೆ ಬಂತು?"

ಅಲ್ಲಿದ್ದ ದೊಡ್ಡವರಲ್ಲಿ ಐದು ಜನ ಇಂಜಿನಿಯರಿಂಗ್ ಓದಿದವರು. ಒಬ್ಬರಿಂದಲೂ ನೆಟ್ಟಗೆ ಉತ್ತರ ಬರಲಿಲ್ಲ. ಇವತ್ತಿನ ಮಾತು ಆ ಪ್ರಶ್ನೆಗೆ.

ಅಡುಗೆಮನೆಯಿಂದ ಶುರು ಮಾಡೋಣ

ಒಗ್ಗರಣೆಗೆ ಸಾಸಿವೆ ಹಾಕ್ತೀವಿ, ಚಟಪಟ ಸಿಡಿಯುತ್ತೆ. ಸಾಸಿವೆಯಲ್ಲಿ ಮದ್ದೇನಿದೆ? ಏನೂ ಇಲ್ಲ. ಕಾಳಿನೊಳಗೆ ಚೂರು ನೀರಿದೆ. ಕಾದ ಎಣ್ಣೆಯಲ್ಲಿ ಅದು ಆವಿಯಾಗುತ್ತೆ, ಆವಿಗೆ ಜಾಗ ಬೇಕು, ಸಿಪ್ಪೆ ಬಿಡೋದಿಲ್ಲ. ಸಿಪ್ಪೆ ಸೋತ ಕ್ಷಣ ಚಟ್! ನಾಗರ ಪಂಚಮಿಗೆ ಜೋಳದ ಅರಳು ಹುರಿಯೋದೂ ಇದೇ ಲೆಕ್ಕ. ಪಾಪ್‌ಕಾರ್ನ್ ಕಾಳು ಒಡೆಯೋದು ಸುಮಾರು 180 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸಿಪ್ಪೆ ಒಡೆದಿರೋ ಕಾಳು ಅರಳೋದೇ ಇಲ್ಲ, ಆವಿ ಮೊದಲೇ ಸೋರಿ ಹೋಗಿರುತ್ತೆ.

ಸದ್ದಿಗೆ ಬೇಕಾಗಿರೋದು ಎರಡೇ: ಬೇಗ ಹುಟ್ಟೋ ಅನಿಲ, ಅದನ್ನು ಸ್ವಲ್ಪ ಹೊತ್ತು ತಡೆಯೋ ಗೋಡೆ. ಅಂಗಳದ ಪ್ರಯೋಗದಲ್ಲಿ ರಸಾಯನ ಅನಿಲವನ್ನು ಕೊಡುತ್ತೆ, ಸದ್ದನ್ನು ಕೊಡೋದು ಮುಚ್ಚಳ.

ಒಂದು ಚಮಚ ಸೋಡಾ, ಒಂದು ಲೀಟರ್ ಚೀಲ

ನಮ್ಮ ಮೊದಲ ಪ್ರಯೋಗ ಜಿಪ್ ಚೀಲದ್ದು. ಬೇಕಾಗೋದು ಅಡುಗೆ ಸೋಡಾ ಮತ್ತು ವಿನೆಗರ್. ಇಲ್ಲಿನ ಕಿರಾಣಿ ಅಂಗಡೀಲಿ "ವಂಟ ಸೋಡಾ" ಅಂತ ಕೇಳಿ, ಕೊಡ್ತಾರೆ. ಒಂದು ಟೀ ಚಮಚ ಸೋಡಾವನ್ನು ಟಿಶ್ಯೂ ಕಾಗದದಲ್ಲಿ ಪೊಟ್ಟಣ ಕಟ್ಟಿ, ಅರ್ಧ ಲೋಟ ವಿನೆಗರ್ ಇರೋ ಚೀಲಕ್ಕೆ ಹಾಕಿ, ಜಿಪ್ ಎಳೆದು, ಒಮ್ಮೆ ಅಲ್ಲಾಡಿಸಿ, ನೆಲದ ಮೇಲಿಟ್ಟು ದೂರ ಬರೋದು. ಪೊಟ್ಟಣ ನೆನೆಯೋಕೆ ತಗೊಳ್ಳೋ ಹೊತ್ತೇ ನಿಮ್ಮ ಟೈಮರ್.

ಈಗ ಲೆಕ್ಕ. 84 ಗ್ರಾಂ ಅಡುಗೆ ಸೋಡಾ ಪೂರ್ತಿ ಕ್ರಿಯೆಗೊಂಡರೆ ನಮ್ಮ ಕೋಣೆಯ ಉಷ್ಣತೆಯಲ್ಲಿ ಸುಮಾರು 24 ಲೀಟರ್ ಇಂಗಾಲದ ಡೈಆಕ್ಸೈಡ್ ಬರುತ್ತೆ. ಒಂದು ಟೀ ಚಮಚ ಅಂದ್ರೆ ಹೆಚ್ಚುಕಮ್ಮಿ 5 ಗ್ರಾಂ. ಅದರಿಂದ ಬರೋದು ಸುಮಾರು 1.4 ಲೀಟರ್. ಚೀಲ ಹಿಡಿಸೋದು ಒಂದೇ ಲೀಟರ್. ಉಳಿದ ಅನಿಲ ಎಲ್ಲಿ ಹೋಗಬೇಕು? ಚೀಲ ದಿಂಬಿನ ಹಾಗೆ ಉಬ್ಬುತ್ತೆ, ಮಕ್ಕಳು ಉಸಿರು ಬಿಗಿ ಹಿಡೀತಾರೆ, ಆಮೇಲೆ ಪಟ್! ಅರ್ಧ ಚಮಚ ಹಾಕಿದ್ರೆ ಉಬ್ಬಿ ಸುಮ್ಮನಾಗುತ್ತೆ. ಎರಡನ್ನೂ ಅಕ್ಕಪಕ್ಕ ಮಾಡಿ ತೋರಿಸಿ, ಶಾಲೆಯ ಮೋಲ್ ಪಾಠ ಒಂದು ನಿಮಿಷದಲ್ಲಿ ಅರ್ಥವಾಗುತ್ತೆ.

ಚೀಲವನ್ನೇ ಯಾಕೆ ಆರಿಸಿಕೊಂಡ್ವಿ? ತೆಳು ಪ್ಲಾಸ್ಟಿಕ್ ಬೇಗ ಸೋಲುತ್ತೆ. ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಸ್ವಲ್ಪ ಹೆಚ್ಚಾದ ಕೂಡಲೇ ಅಂಚು ಬಿಟ್ಟುಕೊಡುತ್ತೆ. ಚೂರು ಹಾರೋದಿಲ್ಲ, ವಿನೆಗರ್ ವಾಸನೆ ಅಷ್ಟೇ.

ಕೋಲಾ ಯಾಕೆ ಢಮ್ ಅನ್ನಲ್ಲ?

ಎರಡನೇದು ನಿಮಗೆಲ್ಲ ಗೊತ್ತಿರೋದೇ: ಡಯಟ್ ಕೋಕ್, ಮೆಂಟೋಸ್. 2006ರಲ್ಲಿ ಅಮೆರಿಕದ ಫ್ರಿಟ್ಜ್ ಗ್ರೋಬ್ ಮತ್ತು ಸ್ಟೀಫನ್ ವೋಲ್ಟ್ಜ್ 101 ಬಾಟಲಿ ಇಟ್ಟು ಕಾರಂಜಿ ಮಾಡಿದ ವಿಡಿಯೊವನ್ನು ನಮ್ಮಲ್ಲಿ ಎಷ್ಟು ಜನ ಕಾಲೇಜು ಲ್ಯಾಬ್‌ನಲ್ಲಿ ಕದ್ದು ನೋಡಿಲ್ಲ!

ಇಲ್ಲಿ ಹೊಸ ವಸ್ತು ಯಾವುದೂ ಹುಟ್ಟೋದಿಲ್ಲ. ಅನಿಲ ಕೋಲಾದಲ್ಲಿ ಮೊದಲೇ ಕರಗಿದೆ. ಗುಳ್ಳೆ ಕಟ್ಟೋಕೆ ಅದಕ್ಕೊಂದು ಒರಟು ಜಾಗ ಬೇಕು. ಮೆಂಟೋಸ್ ಮೈ ಸೂಕ್ಷ್ಮವಾಗಿ ತರಿತರಿ, ಜೊತೆಗೆ ಅದು ಬೇಗ ತಳ ಮುಟ್ಟುತ್ತೆ, ಹಾಗಾಗಿ ಗುಳ್ಳೆಗಳು ಬಾಟಲಿಯ ಬುಡದಿಂದಲೇ ಏಳುತ್ತವೆ. ಟೋನ್ಯಾ ಕಾಫಿ ಅನ್ನೋ ಭೌತವಿಜ್ಞಾನಿ 2008ರಲ್ಲಿ ಇದನ್ನೇ ಅಳೆದು ಪ್ರಬಂಧ ಬರೆದರು. ಬಿಸಿಯಾದ ಕೋಲಾ ಹೆಚ್ಚು ಜೋರಾಗಿ ಉಕ್ಕುತ್ತೆ ಅನ್ನೋದೂ ಅದರಲ್ಲಿದೆ. ಹೈದರಾಬಾದ್ ಬಿಸಿಲಿಗೆ ಏನು ಕಮ್ಮಿ?

ಒಂದು ವಿಷಯ ಗಮನಿಸಿ. ಅನಿಲ ಚೀಲದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಆದ್ರೆ ಢಮ್ ಇಲ್ಲ, ಬರೀ ಬುಸ್ಸ್. ಬಾಟಲಿಯ ಬಾಯಿ ತೆರೆದಿದೆ. ತಡೆಯೋ ಗೋಡೆ ಇಲ್ಲ.

ಬಿದನೂರಿನ ಬಾವಿ

ಗೋಡೆ ಗಟ್ಟಿಯಾದ್ರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ನಾಡಿನದೇ ಸಾಕ್ಷಿ ಇದೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಅಂದ್ರೆ ಹಳೇ ಬಿದನೂರಿನಲ್ಲಿ, ಪಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಟಿಪ್ಪು ಕಾಲದ ರಾಕೆಟ್ ಸಿಕ್ಕವು. ಅವೆಲ್ಲ ಕಬ್ಬಿಣದ ಕೊಳವೆಗಳು. ಮೈಸೂರಿನವರು ಮದ್ದನ್ನು ಕಬ್ಬಿಣದಲ್ಲಿ ತುಂಬಿದ್ದರಿಂದ ಒಳಗೆ ಹೆಚ್ಚು ಒತ್ತಡ ನಿಂತು ರಾಕೆಟ್ ದೂರ ಹೋಯಿತು. ಬ್ರಿಟಿಷರ ವಿಲಿಯಂ ಕಾಂಗ್ರೀವ್ ಇದನ್ನೇ ನೋಡಿ ತನ್ನ ರಾಕೆಟ್ ಮಾಡಿದ.

ಅಂದ್ರೆ ಗಟ್ಟಿ ಗೋಡೆ ಅನ್ನೋದು ಯುದ್ಧದ ಸಾಮಾನು. ಅಂಗಳಕ್ಕೆ ಅದು ಬೇಡ. ಬಾಟಲಿಗೆ ಏನಾದ್ರೂ ಹಾಕಿ ತಿರುಪು ಮುಚ್ಚಳ ಬಿಗಿ ಮಾಡೋ ವಿಡಿಯೊಗಳು ನಿಮ್ಮ ಮಕ್ಕಳ ಫೋನಿಗೂ ಬಂದಿರುತ್ತವೆ. ಸೋಡಾ ಬಾಟಲಿ ಚೀಲದ ಹಾಗೆ ಬೇಗ ಸೋಲಲ್ಲ, ಹಲವು ಪಟ್ಟು ಒತ್ತಡ ತಡೆದು ಆಮೇಲೆ ಒಡೆಯುತ್ತೆ. ಗಾಜು, ಸ್ಟೀಲು, ಪಿವಿಸಿ ಪೈಪಿನ ಮಾತಂತೂ ಬೇಡವೇ ಬೇಡ.

ಕಾರ್ಬೈಡ್ ಡಬ್ಬಿ

ಈಗ ನಾನು ಹೇಳಲೇಬೇಕಾದ್ದು.

ನಾವು ಸಣ್ಣವರಿದ್ದಾಗ ಬಾಳೆಕಾಯಿ ಹಣ್ಣು ಮಾಡೋ ಮಂಡಿಯಿಂದ ಕಾರ್ಬೈಡ್ ಚೂರು ತರ್ತಿದ್ವಿ. ನೀರು ಬಿದ್ರೆ ಅದರಿಂದ ಅಸಿಟಿಲೀನ್ ಅನಿಲ ಬರುತ್ತೆ. ಹಳೇ ಡಬ್ಬಿ, ಒಂದು ಕಿಡಿ, ಊರೆಲ್ಲ ಕೇಳೋ ಸದ್ದು. ಆ ಖುಷಿ ಸುಳ್ಳಲ್ಲ. ಇವತ್ತಿಗೂ ನೆನೆಸಿಕೊಂಡರೆ ನಗು ಬರುತ್ತೆ.

ಒಂದು ಸಂಜೆ ಡಬ್ಬಿ ಸಿಡಿಯಲಿಲ್ಲ. ಚಿಕ್ಕಪ್ಪನ ಮಗ ಕಾದ, ಮತ್ತೂ ಕಾದ, ಆಮೇಲೆ ಬಗ್ಗಿ ನೋಡಿದ. ಆಗ ಸಿಡೀತು. ಹುಬ್ಬು ಸುಟ್ಟಿದ್ದು ಮತ್ತೆ ಬೆಳೀತು. ಬಲಗಣ್ಣಿನ ಮುಂದೆ ಬಂದ ಮಂಜು ಹೋಗಲೇ ಇಲ್ಲ.

ಕಾರಣ ಇಷ್ಟೇ. ಅಡುಗೆ ಅನಿಲ ಗಾಳಿಯಲ್ಲಿ ಶೇಕಡಾ 2ರಿಂದ 10ರ ಒಳಗಿದ್ದರೆ ಮಾತ್ರ ಹೊತ್ತಿಕೊಳ್ಳುತ್ತೆ. ಅಸಿಟಿಲೀನ್‌ಗೆ ಆ ಮಿತಿ ಶೇಕಡಾ 2.5ರಿಂದ 80ರವರೆಗೆ. ಅದು ಯಾವಾಗ ಹೊತ್ತುತ್ತೆ ಅಂತ ಊಹಿಸೋ ಹಾಗಿಲ್ಲ. ಹಣ್ಣು ಮಾಡೋಕೆ ಕಾರ್ಬೈಡ್ ಬಳಸೋದಕ್ಕೇ ಈಗ ನಿಷೇಧ ಇದೆ. ಆದರೂ 2025ರ ದೀಪಾವಳಿಯಲ್ಲಿ ಭೋಪಾಲ್ ಸುತ್ತಮುತ್ತ ಪೈಪಿನ "ಕಾರ್ಬೈಡ್ ಗನ್" ಹಿಡಿದು ಎಷ್ಟೋ ಮಕ್ಕಳು ಕಣ್ಣಿನ ಆಸ್ಪತ್ರೆ ಸೇರಿದರು. ಅವರಲ್ಲಿ ಹಲವರು ಮಾಡಿದ್ದೂ ಅದೇ ತಪ್ಪು: ಸಿಡಿಯಲಿಲ್ಲ ಅಂತ ಕೊಳವೆಯೊಳಗೆ ಇಣುಕಿದ್ದು.

ನಮ್ಮ ಅಂಗಳದ ಕಟ್ಟಳೆ

ಇಂಥ ಭಾನುವಾರಗಳಿಗೆ ನಾವು ನಾಲ್ಕು ಕಟ್ಟಳೆ ಇಟ್ಟುಕೊಂಡಿದ್ದೀವಿ.

ಬೆಂಕಿ ಇಲ್ಲ, ಬರೀ ಅಡುಗೆಮನೆ ಸಾಮಾನು.

ಮುಚ್ಚಳ ಒತ್ತಿ ಮುಚ್ಚೋದೇ ಇರಬೇಕು, ತಿರುಗಿಸೋದು ಬೇಡ. ಈನೋ ಮತ್ತು ನೀರು ಹಾಕಿದ ಸಣ್ಣ ಪ್ಲಾಸ್ಟಿಕ್ ಡಬ್ಬಿಗೂ ಇದೇ ಮಾತು.

ಮಕ್ಕಳು, ದೊಡ್ಡವರು ಎಲ್ಲರಿಗೂ ಕನ್ನಡಕ, ಹತ್ತು ಹೆಜ್ಜೆ ದೂರ.

ಸಿಡಿಯದೇ ಇದ್ರೆ ಯಾರೂ ಹತ್ತಿರ ಹೋಗಬಾರದು. ಐದು ನಿಮಿಷ ಬಿಟ್ಟು ದೂರದಿಂದ ಪೈಪಿನಲ್ಲಿ ನೀರು ಹಾಯಿಸಬೇಕು.

ಆ ಭಾನುವಾರ ಎಣಿಕೆ ಹೇಳಿದ್ದು ಯಾರು ಗೊತ್ತಾ? ಚಿಕ್ಕಪ್ಪನ ಮಗನೇ. "ಐದು, ನಾಲ್ಕು, ಮೂರು…" ಒಂದು ಡಬ್ಬಿ ಹಾರಲಿಲ್ಲ. ಅವನ ಮಗ ಓಡೋಕೆ ಹೊರಟ. ಇವನು ಕೈ ಹಿಡಿದು ನಿಲ್ಲಿಸಿ, ಕನ್ನಡಕ ತೆಗೆದು, ತನ್ನ ಬಲಗಣ್ಣು ತೋರಿಸಿದ. ಬೈಯಲಿಲ್ಲ. ಹುಡುಗ ಅಪ್ಪನ ಪಕ್ಕದಲ್ಲೇ ಕೂತು ಐದು ನಿಮಿಷ ಗಡಿಯಾರ ನೋಡಿದ. ಆಮೇಲೆ ಇಬ್ಬರೂ ಸೇರಿ ನೀರು ಹಾಯಿಸಿದರು.

ನಿಮ್ಮ ಮನೇಲೂ ಮಾಡಿ, ಸೋಡಾ ಎಷ್ಟು ಹಾಕಿದ್ರಿ, ಚೀಲ ಒಡೀತಾ ಅಂತ ತಿಳಿಸಿ. ಮುಂದಿನ ಮಾತಿನಲ್ಲಿ ಸಿಗೋಣ.