ಕಿರಿದಾದ ಖೋಲಿಗೆ ಕಳಚಿ ಜೋಡಿಸುವ ಕಪಾಟು

ಊರು ಬಿಟ್ಟು ಮುಂಬಯಿಗೆ ಬಂದ ಕನ್ನಡಿಗನ ಮೊದಲ ಪೀಠೋಪಕರಣ ಯಾವುದೆಂದರೆ ಅವನ ತಗಡಿನ ಟ್ರಂಕು. ಬಟ್ಟೆಬರೆಗೆ ಅದು ಪೆಟ್ಟಿಗೆ. ಊರವರು ಬಂದರೆ ಅದೇ ಆಸನ. ಮನೆಗೆ ಪತ್ರ ಬರೆಯಲು ಕುಳಿತರೆ ಅದೇ ಮೇಜು. ಹತ್ತು ಜನರೊಡನೆ ಹೋಟೆಲಿನ ಮಾಳಿಗೆಯಲ್ಲಿ ಮಲಗುವ ಕೆಲಸಗಾರನಿಗೆ ಈ ಮಹಾನಗರದಲ್ಲಿ ತನ್ನದೆಂದು ಹೇಳಿಕೊಳ್ಳಲು ಬೀಗ ಹಾಕಿದ ಆ ಎರಡಡಿ ಜಾಗವಲ್ಲದೆ ಬೇರೆಯಿಲ್ಲ. ಮುಂದೆ ಆತ ಮದುವೆಯಾಗಿ ಮುಲುಂಡಿನಲ್ಲೋ ಭಾಂಡುಪಿನಲ್ಲೋ ಒಂದು ಖೋಲಿ ಹಿಡಿದಾಗ ಸಂಸಾರದೊಡನೆ ಸಾಮಾನೂ ಬೆಳೆಯುತ್ತದೆ. ಖೋಲಿ ಮಾತ್ರ ಬೆಳೆಯುವುದಿಲ್ಲ.

1920ರ ದಶಕದಲ್ಲಿ ಕಟ್ಟಿದ ಬಿ.ಡಿ.ಡಿ. ಚಾಳುಗಳಲ್ಲಿ ಒಂದು ಸಂಸಾರಕ್ಕೆ ದೊರೆತದ್ದು 160 ಚದರ ಅಡಿ. ಜೋಪಡಿಗಳ ಪುನರ್ವಸತಿ ಯೋಜನೆಯಲ್ಲಿ ಮೊದಲು 225 ಚದರ ಅಡಿಯಿದ್ದುದು ಈಗ 300ಕ್ಕೆ ಏರಿದೆ. ಅಷ್ಟರಲ್ಲಿಯೇ ಅಡಿಗೆ, ಸ್ನಾನ, ಮಕ್ಕಳ ಓದು, ಹಿರಿಯರ ಹಾಸಿಗೆ. ಬಾಡಿಗೆಯವರ ಪಾಡಂತೂ ಇನ್ನೂ ಕಷ್ಟದ್ದು. ಹನ್ನೊಂದು ತಿಂಗಳ ಕರಾರು ಮುಗಿದೊಡನೆ ಬೇರೆ ಖೋಲಿ ಹುಡುಕಬೇಕು. ಆಳೆತ್ತರದ ಉಕ್ಕಿನ ಕಪಾಟನ್ನು ಹಮಾಲರ ಬೆನ್ನಿನ ಮೇಲೆ ಇಕ್ಕಟ್ಟಾದ ಮೆಟ್ಟಿಲುಗಳಲ್ಲಿ ಇಳಿಸಿ, ಮತ್ತೆ ಏರಿಸಬೇಕು. ಸ್ಥಾವರವಾದ ಕಪಾಟಿಗೂ ಜಂಗಮವಾದ ಬಾಳಿಗೂ ಹೊಂದಿಕೆಯಾಗುವುದು ಹೇಗೆ?

ಈ ಪ್ರಶ್ನೆ ನಮ್ಮದೊಂದೇ ಅಲ್ಲ. ಎರಡನೆಯ ಮಹಾಯುದ್ಧದಿಂದ ಜರ್ಜರಿತವಾಗಿದ್ದ ಇಟಲಿಯಲ್ಲಿ, 1950 ಮತ್ತು 1960ರ ದಶಕಗಳಲ್ಲಿ, ದಕ್ಷಿಣದ ಹಳ್ಳಿಗಳಿಂದ ಲಕ್ಷಾಂತರ ಜನರು ಕೆಲಸವನ್ನು ಅರಸಿ ಉತ್ತರದ ಮಿಲಾನ್, ತೂರಿನ್ ನಗರಗಳಿಗೆ ಬಂದರು. ನಮ್ಮವರ ಕೈಯಲ್ಲಿ ತಗಡಿನ ಟ್ರಂಕು ಇದ್ದಂತೆ ಅವರ ಕೈಯಲ್ಲಿ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ ಇತ್ತು. ಅದು ಅಲ್ಲಿಯ ವಲಸೆಯ ಕುರುಹೇ ಆಗಿಹೋಯಿತು. ಅಲ್ಲಿಯ ಸರಕಾರ 1949ರಿಂದ 1963ರವರೆಗೆ ‘ಇನಾ-ಕಾಸಾ’ ಎಂಬ ಯೋಜನೆಯಲ್ಲಿ ಸುಮಾರು ಮೂರೂವರೆ ಲಕ್ಷ ಮನೆಗಳನ್ನು ಕಟ್ಟಿಸಿತು. ಹೊಸ ಮನೆಗಳೊಳಗೆ ಅಜ್ಜನ ಕಾಲದ ಮರದ ಬೀರುಗಳಿಗೆ ಎಡೆಯೆಲ್ಲಿ?

ಅದೇ 1949ರಲ್ಲಿ ರಾಸಾಯನಿಕ ಎಂಜಿನಿಯರ್ ಜೂಲಿಯೋ ಕಸ್ತೆಲ್ಲಿ ಎಂಬಾತ ಮಿಲಾನಿನಲ್ಲಿ ಕಾರ್ಟೆಲ್ ಎಂಬ ಪ್ಲಾಸ್ಟಿಕ್ ಸಂಸ್ಥೆಯನ್ನು ಆರಂಭಿಸಿದ್ದ. ಅದೇ ನಗರದ ಜೂಲಿಯೋ ನತ್ತಾ ಎಂಬ ವಿಜ್ಞಾನಿ 1954ರಲ್ಲಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕನ್ನು ಸಿದ್ಧಗೊಳಿಸಿ, ಮುಂದೆ 1963ರಲ್ಲಿ ಕಾರ್ಲ್ ಸೀಗ್ಲರನೊಡನೆ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ. ಪೀಠೋಪಕರಣಗಳಿಗೆ ಮುನ್ನ ಕಾರ್ಟೆಲ್ ಬಾಲ್ದಿ ಮುಂತಾದ ಮನೆಬಳಕೆಯ ಸಾಮಾನುಗಳನ್ನು ಮಾಡುತ್ತಿತ್ತು. 1967ರಲ್ಲಿ ಕಸ್ತೆಲ್ಲಿಯ ಪತ್ನಿ, ವಾಸ್ತುಶಿಲ್ಪಿ ಆನ್ನಾ ಕಸ್ತೆಲ್ಲಿ ಫೆರಿಯೇರಿ, ‘ಕೊಂಪೊನಿಬಿಲಿ’ ಎಂಬ ಕಪಾಟನ್ನು ರೂಪಿಸಿದಳು. ಜೋಡಿಸಬಲ್ಲವುಗಳು ಎಂಬುದೇ ಆ ಹೆಸರಿನ ಅರ್ಥ.

ಇದರ ರಚನೆ ಸರಳವಾದುದು. ದುಂಡನೆಯ ಒಂದೊಂದು ಅಂತಸ್ತೂ ಬೇರೆ ಬೇರೆ. ಊಟದ ಡಬ್ಬಿಯ ತಟ್ಟುಗಳಂತೆ ಒಂದರ ಮೇಲೊಂದು ಕುಳಿತುಕೊಳ್ಳುತ್ತದೆ. ಮೊಳೆಯಿಲ್ಲ, ಸ್ಕ್ರೂ ಇಲ್ಲ, ಬಡಗಿಯ ಹಂಗಿಲ್ಲ. ಬಾಗಿಲು ಹೊರಕ್ಕೆ ತೆರೆಯದೆ ಪಕ್ಕಕ್ಕೆ ಜಾರುವುದರಿಂದ ಎದುರಿನ ಜಾಗ ವ್ಯರ್ಥವಾಗುವುದಿಲ್ಲ. ಚಿಕ್ಕ ಗಾತ್ರದ್ದರ ಅಡ್ಡಳತೆ 32 ಸೆಂಟಿಮೀಟರ್, ಅಂದರೆ ಒಂದಡಿಗಿಂತ ತುಸು ಹೆಚ್ಚು. ಮೂರು ಅಂತಸ್ತಿನ ಎತ್ತರ ಎರಡಡಿಗಿಂತ ತುಸು ಕಡಿಮೆ. ಎ.ಬಿ.ಎಸ್. ಎಂಬ ಗಡುಸಾದ ಪ್ಲಾಸ್ಟಿಕ್ಕನ್ನು ಕರಗಿಸಿ, ಒತ್ತಡದಿಂದ ಉಕ್ಕಿನ ಅಚ್ಚಿನೊಳಗೆ ನುಗ್ಗಿಸಿ ತಣಿಸಿದರೆ ಒಂದು ಬಿಡಿಭಾಗ ಸಿದ್ಧ. ಅಚ್ಚಿಗೆ ಬಹಳ ಹಣ ಬೇಕು. ಆದರೆ ಒಂದೇ ಅಚ್ಚಿನಿಂದ ಸಾವಿರಾರು ನಗಗಳು ಹೊರಬೀಳುವುದರಿಂದ ಖರ್ಚು ಹಂಚಿಹೋಗುತ್ತದೆ. ಬಹುಜನರಿಗೆ ಎಟಕುವ ವಸ್ತುವನ್ನು ಮಾಡುವ ದಾರಿ ಇದೇ ಎಂದು ಆ ಕಾಲದವರು ನಂಬಿದ್ದರು.

ಆದರೆ 1973ರಲ್ಲಿ ಪೆಟ್ರೋಲಿಯಮ್ಮಿನ ಬೆಲೆ ಒಮ್ಮೆಲೇ ಏರಿ, ಅದರಿಂದಲೇ ಹುಟ್ಟುವ ಪ್ಲಾಸ್ಟಿಕ್ಕೂ ತುಟ್ಟಿಯಾಯಿತು. ಈ ಕಪಾಟು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವನ್ನು ಸೇರಿತು. ಇಂದು ಮೂರು ಅಂತಸ್ತಿನದಕ್ಕೆ ನೂರು ಯುರೋಗಳಿಗೂ ಮಿಗಿಲಾದ ಬೆಲೆ. ಸಾಮಾನ್ಯನಿಗೆಂದು ಹೊರಟ ವಸ್ತು ಸಿರಿವಂತನ ದಿವಾನಖಾನೆಯ ಅಲಂಕಾರವಾದದ್ದು ವಿಪರ್ಯಾಸವೇ ಸರಿ.

ಆದರೂ ವಸ್ತು ಕೈಗೆ ಎಟಕದಿದ್ದರೆ ಅದರ ವಿಚಾರವೂ ಎಟಕಬಾರದೆಂದಿಲ್ಲ. ಬಿಡಿ ಅಂತಸ್ತುಗಳನ್ನು ಬೇಕಾದಷ್ಟೇ ಕೂಡಿಸಿಕೊಳ್ಳುವ ಪ್ಲಾಸ್ಟಿಕ್ ಖಾನೆಗಳು ಇಂದು ಮುಲುಂಡಿನ ಪೇಟೆಯಲ್ಲಿಯೂ ಸಿಗುತ್ತವೆ. ಹೆಚ್ಚಿನವು ನತ್ತಾನ ಪಾಲಿಪ್ರೊಪಿಲೀನಿನವೇ, ಎ.ಬಿ.ಎಸ್.ಗಿಂತ ಹಗುರ, ಆದರೆ ಅಷ್ಟು ಗಡುಸಲ್ಲ. ಈ ವರ್ಷ ಎರಡು ಖಾನೆ ಕೊಂಡು, ಬೋನಸ್ ಬಂದಾಗ ಇನ್ನೆರಡನ್ನು ಸೇರಿಸಬಹುದು. ತುಕ್ಕು ಹಿಡಿಯದು, ಗೆದ್ದಲು ತಿನ್ನದು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದುದನ್ನು ಮುಂಬಯಿಗರು ಮರೆತಿಲ್ಲ. ನೀರು ಏರುವಾಗ ಉಕ್ಕಿನ ಕಪಾಟನ್ನು ಎತ್ತಲಾಗದು. ಖಾನೆಯನ್ನು ಎತ್ತಿ ಅಟ್ಟದ ಮೇಲೆ ಇಡಬಹುದು.

ಕೊಳ್ಳುವಾಗ ಕೆಲವು ಸಂಗತಿಗಳನ್ನು ಗಮನಿಸಬೇಕು. ಖಾನೆಯನ್ನು ಪೂರ್ತಿ ಎಳೆದು, ಅಂಗೈಯಿಂದ ಒತ್ತಿ ನೋಡಿ, ಬಾಗಿದರೆ ಬೇಡ. ಅದೇ ಅಳತೆಯ ಬಿಡಿ ಖಾನೆ ಮುಂದೆಯೂ ದೊರೆಯುವುದೇ ಎಂದು ಅಂಗಡಿಯವರನ್ನು ಕೇಳಿ. ದೊರೆಯದಿದ್ದರೆ ಜೋಡಿಸುವ ಮಾತೇ ಸುಳ್ಳಾಗುತ್ತದೆ. ಭಾರವಾದ ಪಾತ್ರೆಗಳು ಕೆಳಗಿರಲಿ. ರೇಶನ್ ಕಾರ್ಡು, ಮಕ್ಕಳ ಸರ್ಟಿಫಿಕೇಟು, ಪ್ರಾವಿಡೆಂಟ್ ಫಂಡಿನ ಕಾಗದಗಳು ಮೇಲಿರಲಿ. ಒಲೆಯಿಂದಲೂ ಬಿಸಿಲಿನಿಂದಲೂ ಇದನ್ನು ದೂರವಿಡಬೇಕು. ಇಂತಹ ಖಾನೆಗಳಿಗೆ ಭದ್ರವಾದ ಬೀಗವಿರುವುದು ಅಪರೂಪ. ಆದುದರಿಂದ ಹಂಚಿಕೊಂಡ ಕೋಣೆಯಲ್ಲಿರುವ ಸೋದರರು ಹಣವನ್ನು ಬ್ಯಾಂಕಿನಲ್ಲಿಟ್ಟು, ಟ್ರಂಕನ್ನು ಇನ್ನೂ ಕೆಲವು ಕಾಲ ಉಳಿಸಿಕೊಳ್ಳುವುದೇ ಲೇಸು.