ಕುಂಚಕ್ಕೆ ಮನೆ ಕಟ್ಟಿಕೊಟ್ಟ ಅಟಲೋವಾ

ಚಿತ್ರ ಬರೆದವರ ಹೆಸರು ಲೋಕಕ್ಕೆ ತಿಳಿಯುತ್ತದೆ. ಅವರು ಕುಳಿತು ಬರೆಯಲು ಮನೆ ಕಟ್ಟಿಕೊಟ್ಟವರ ಹೆಸರು ಬೇಗನೆ ಮರೆತುಹೋಗುತ್ತದೆ. ಅಮೇರಿಕದ ಒಕ್ಲಹೋಮ ರಾಜ್ಯದಲ್ಲಿ ಅಂತಹ ಮನೆಯೊಂದನ್ನು ಕಟ್ಟಿದ ಅಧ್ಯಾಪಿಕೆಯನ್ನು ನಾವಿಂದು ಓದುಗರಿಗೆ ಪರಿಚಯಿಸುತ್ತಿದ್ದೇವೆ.

ಮೇರಿ ಸ್ಟೋನ್ ಮೆಕ್ಲೆಂಡನ್ ಹುಟ್ಟಿದ್ದು 1896ರಲ್ಲಿ, ಚಿಕಸಾ ಜನಾಂಗದಲ್ಲಿ. ಮಿಸಿಸಿಪಿ ಸೀಮೆಯ ಈ ಮೂಲನಿವಾಸಿಗಳನ್ನು ಸರಕಾರವು 1837ರಿಂದ ತೊಡಗಿ ಹುಟ್ಟುನೆಲ ಬಿಡಿಸಿ ಪಶ್ಚಿಮಕ್ಕೆ ಸಾಗಿಸಿತ್ತು. ಆಕೆ ‘ಅಟಲೋವಾ’ ಎಂದೇ ಪ್ರಸಿದ್ಧರು. ಚಿಕಸಾ ನುಡಿಯಲ್ಲಿ ಇದರ ಅರ್ಥ ‘ಪುಟ್ಟ ಹಾಡು’. ಹೆಸರಿಗೆ ತಕ್ಕಂತೆ ಒಳ್ಳೆಯ ಗಾಯಕಿ. ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಓದಿದ ಅವರು, ಮೂಲನಿವಾಸಿ ವಿದ್ಯಾರ್ಥಿಗಳಿಗಾಗಿ ನಡೆಯುತ್ತಿದ್ದ ಮಸ್ಕೋಗಿಯ ಬೇಕೋನ್ ಕಾಲೇಜಿನಲ್ಲಿ ಅಧ್ಯಾಪಿಕೆಯಾದರು.

ಅಂದಿನ ಸರಕಾರಿ ವಸತಿಶಾಲೆಗಳಲ್ಲಿ ಈ ಜನಾಂಗಗಳ ಮಕ್ಕಳು ತಾಯ್ನುಡಿ ಆಡಿದರೆ ಶಿಕ್ಷೆಯಿತ್ತು. ಜಡೆ ಕತ್ತರಿಸುತ್ತಿದ್ದರು, ಹೆಸರನ್ನೂ ಬದಲಿಸುತ್ತಿದ್ದರು. ಹಿರಿಯರದೆಲ್ಲವನ್ನೂ ಮರೆಸುವುದೇ ವಿದ್ಯೆ ಎಂದಾಗಿತ್ತು. ಅಟಲೋವಾ ಈ ಮಾತನ್ನು ಒಪ್ಪಲಿಲ್ಲ. ತನ್ನವರ ಕಲೆಯನ್ನು ತಿಳಿಯದವನ ವಿದ್ಯೆ ಅರ್ಧ ವಿದ್ಯೆಯೆಂದೇ ಅವರ ನಿಲುವು.

ಊರೂರು ತಿರುಗಿ ಹಾಡಿ, ಭಾಷಣ ಮಾಡಿ ಅವರು ಹಣ ಕೂಡಿಸಿದರು. 1932ರಲ್ಲಿ ಕಾಲೇಜಿನ ಆವರಣದಲ್ಲಿ ಕಲಾಮಂದಿರವೊಂದು ಎದ್ದು ನಿಂತಿತು. ಅದರ ಅಗ್ಗಿಷ್ಟಿಕೆಯ ಗೋಡೆಯನ್ನು ಬೇರೆ ಬೇರೆ ಜನಾಂಗಗಳ ನೆಲೆಗಳಿಂದ ತರಿಸಿದ ಐನೂರರಷ್ಟು ಕಲ್ಲುಗಳಿಂದ ಕಟ್ಟಲಾಯಿತು. ನೆಲ ಕಳೆದುಕೊಂಡವರ ಮಕ್ಕಳು ಒಂದೇ ಬೆಂಕಿಯ ಸುತ್ತ ಕುಳಿತುಕೊಳ್ಳುವಂತಾಯಿತು.

1935ರಲ್ಲಿ ಅಟಲೋವಾ ಕಾಲೇಜನ್ನು ಬಿಟ್ಟರು. ಆದರೆ ನೆಟ್ಟ ಗಿಡ ಬೇರು ಬಿಟ್ಟಿತ್ತು. ಅದೇ ವರ್ಷ ಚಿತ್ರಕಾರ ಏಸೀ ಬ್ಲೂ ಈಗಲ್ ಕಲಾವಿಭಾಗದ ಮುಖ್ಯಸ್ಥರಾಗಿ ಬಂದರು. ಅನಂತರ ವುಡಿ ಕ್ರಂಬೋ. ಅಲ್ಲಿಯೇ ವಿದ್ಯಾರ್ಥಿಯಾಗಿದ್ದ ಶಯೆನ್ ಜನಾಂಗದ ಡಿಕ್ ವೆಸ್ಟ್ 1947ರಲ್ಲಿ ಅದೇ ಪೀಠವನ್ನೇರಿ 1970ರವರೆಗೆ ಕಲಿಸಿದರು. ‘ಬೇಕೋನ್ ಶೈಲಿ’ ಎಂಬ ಹೆಸರೇ ಚಿತ್ರಕಲೆಯ ಚರಿತ್ರೆಯಲ್ಲಿ ಉಳಿಯಿತು.

ಅಟಲೋವಾ 1967ರಲ್ಲಿ ತೀರಿಕೊಂಡರು. 2024ರಲ್ಲಿ ಕಾಲೇಜು ಸಾಲದ ಹೊರೆ ತಾಳಲಾರದೆ ದಿವಾಳಿ ಅರ್ಜಿ ಹಾಕಿತು. ನುಡಿಯನ್ನೂ ಕಲೆಯನ್ನೂ ಉಳಿಸುವ ಶಾಲೆ ಕಟ್ಟುವುದು ಎಷ್ಟು ಕಷ್ಟ, ಅದನ್ನು ನಡೆಸಿಕೊಂಡು ಬರುವುದು ಇನ್ನೆಷ್ಟು ಕಷ್ಟ ಎಂಬುದನ್ನು ಗಡಿನಾಡಿನ ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಒಬ್ಬರು ಅಡಿಗಲ್ಲು ಇಟ್ಟರೆ ಸಾಲದು. ಮುಂದಿನವರು ಒಂದೊಂದಾದರೂ ಕಲ್ಲು ಹೊತ್ತು ತರಬೇಕು.